ಗೆರೆ ಬಾಗಿದ ನಕ್ಷೆ

ಮುಚ್ಚಿಹೋದ ಚಿತ್ರಮಂದಿರದ ತಾರಸಿಗೆ ದಿನಾ ಸಂಜೆ ಮೂರು ಜನ ಹತ್ತುತ್ತಿದ್ದರು. ಬೀದಿಯವರಿಗೆ ಅದೊಂದು ತಮಾಷೆ. ಹೊತ್ತು ಮುಳುಗಿದ ಮೇಲೆ ಮನೆಗೆ ಹೋಗಿ ಕಾಲು ಚಾಚಿ ಕೂರೋದು ಬಿಟ್ಟು ಇಲ್ಲದ ಬಾಲ ಹುಡುಕ್ತಾರಲ್ಲಪ್ಪ ಇವರು ಎಂದು ಕೆಳಗಿನ ಸೈಕಲ್ ರಿಪೇರಿಯವನು ನಗುತ್ತಿದ್ದ. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ ಅನ್ನಿ. ಪೊರಕೆ ಬೀಸಿಕೊಂಡು ಬರುವ ದೊಡ್ಡ ಧೂಮಕೇತು ಯಾರ ಕಣ್ಣಿಗಾದರೂ ಬೀಳುತ್ತದೆ, ಅದಕ್ಕೆ ಇವರೇ ಆಗಬೇಕೇ? ಇವರಿಗೆ ಬೇಕಾಗಿದ್ದದ್ದು ಇನ್ನೂ ದೂರದಲ್ಲಿರುವ, ಬಾಲ ಮೂಡದ, ಇದೆಯೋ ಇಲ್ಲವೋ ಎನ್ನುವಂಥ ಬಡಪಾಯಿ ಧೂಮಕೇತು. ದೂರದರ್ಶಕದಲ್ಲಿ ಅದು ಕಂಡರೆ ಎಷ್ಟು ಕಂಡೀತು? ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಕೂರುವ ಮಬ್ಬಿನಷ್ಟು. ಅದೂ ಸೂರ್ಯ ಇಳಿದ ಮೇಲೆ ಪಶ್ಚಿಮದ ಅಂಚಿನಲ್ಲಿ, ಬೆಳಕು ಪೂರ್ತಿ ಆರುವುದಕ್ಕೂ ಆ ಮಬ್ಬು ಮುಳುಗುವುದಕ್ಕೂ ನಡುವೆ ಸಿಗುವ ಚೂರೇ ಚೂರು ಹೊತ್ತಿನಲ್ಲಿ. ಅಷ್ಟಕ್ಕಾಗಿ ವರ್ಷಗಟ್ಟಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವ ಜನ ಇವರು.

ಮೂವರಲ್ಲಿ ಒಬ್ಬ ಕನ್ನಡಕದ ಅಂಗಡಿಯವನು. ನಲವತ್ತು ದಾಟಿ ತಲೆ ಮುಂದಿನಿಂದ ಖಾಲಿಯಾಗುತ್ತ ಬಂದಿದ್ದರೂ ಮನೆಯವರ ಬಾಯಲ್ಲಿ ಇನ್ನೂ ಪುಟ್ಟನೇ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಸಾಕಿದವಳು ಎಂದರೆ ಬರೀ ಬಾಯಿಮಾತಲ್ಲ. ತನ್ನ ಮದುವೆ ಮಾತಿಗೆ ಬಂದವರಿಗೆಲ್ಲ, ತಮ್ಮ ನನ್ನ ಜೊತೆಗೇ ಬರ್ತಾನೆ, ಒಪ್ಪಿದ್ರೆ ಮುಂದಿನ ಮಾತು ಎಂದವಳು. ಮುಂದಿನ ಮಾತು ಆಡಿದವನು ಒಬ್ಬನೇ, ಅವನೇ ಭಾವ.

ಭಾವ ಟೌನ್ ಬಸ್ಸಿನ ಡ್ರೈವರು. ತಾರಸಿಯ ಮೇಲಿನ ಎರಡನೆಯವನೂ ಅವನೇ, ಅಲ್ಲಿ ಅವನ ಹೆಸರು ಹದ್ದು. ಮೂರನೆಯವರು ಟೀಚರ್, ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಕ್ಷೆ, ಲೆಕ್ಕ, ಬೈಗುಳ ಮೂರೂ ಅವರ ಕೈಯಲ್ಲಿ.

ಮಬ್ಬನ್ನು ನೋಡುವುದಕ್ಕೂ ಒಂದು ಉಪಾಯವಿದೆ. ನೇರವಾಗಿ ನೋಡಿದರೆ ಅದು ಮಾಯ. ಕಣ್ಣಿನ ನಡುಭಾಗಕ್ಕೆ ಬೆಳಕು ಬೇಕು, ಅಕ್ಷರ ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಅದೇ ಸರಿ. ಮಸುಕು ಬೆಳಕನ್ನು ಹಿಡಿಯುವುದು ಕಣ್ಣಿನ ಅಂಚು. ಹಾಗಾಗಿ ನೋಡಬೇಕಾದ್ದನ್ನು ಬಿಟ್ಟು ಅದರ ಪಕ್ಕದಲ್ಲಿ ನೋಟ ನೆಡಬೇಕು. ಆಗ ಮಬ್ಬು ತಾನಾಗಿ ಪಕ್ಕದಲ್ಲಿ ಬಂದು ಕೂರುತ್ತದೆ. ಟೀಚರು ಇದನ್ನು ಕಲಿಯಲು ಒಂದು ವರ್ಷ ಒದ್ದಾಡಿದ್ದರು, ಪುಟ್ಟ ಇನ್ನೂ ಒದ್ದಾಡುತ್ತಿದ್ದ. ಭಾವನಿಗೆ ಮಾತ್ರ ಅದು ನೀರು ಕುಡಿದಷ್ಟು ಸಲೀಸು. ಈಚೆಗಂತೂ ಅವನ ಓರೆನೋಟ ತಾರಸಿಯಿಂದ ಇಳಿದು ಮನೆಗೂ ಬಂದಿತ್ತು. ಎದುರಿಗೆ ಕೂತವರ ಕಿವಿ ನೋಡಿಕೊಂಡು ಮಾತಾಡುತ್ತಿದ್ದ.

"ನನ್ನ ಮುಖ ಇಲ್ಲಿದೆ, ಸ್ವಾಮಿ" ಎಂದು ಅಕ್ಕ ಅವನ ಗಲ್ಲ ಹಿಡಿದು ತಿರುಗಿಸುತ್ತಿದ್ದಳು. "ಆ ಕಿವಿಯೋಲೆ ಕೊಡಿಸಿ ಎಷ್ಟು ವರ್ಷ ಆಯ್ತು ಅಂತ ನೋಡ್ತಿದೀರಾ?"

"ನೀನು ಅಷ್ಟು ಮಸುಕಾಗಿದೀಯ ಕಣೇ, ಹೀಗೆ ನೋಡಿದ್ರೇನೇ ಕಾಣೋದು" ಎನ್ನುತ್ತಿದ್ದ ಭಾವ. ಮನೆಯೆಲ್ಲ ನಗುತ್ತಿತ್ತು. ಪುಟ್ಟನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕಣ್ಣನ್ನೇ ನಂಬಿ ಅಂಗಡಿ ಇಟ್ಟವನಿಗೆ ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಅವತ್ತು ಯಾರೂ ಕೇಳಲಿಲ್ಲ.

ತಾರಸಿಯ ಮೇಲೆ ಟೀಚರು ಹಾಕಿದ ಒಂದು ಕಟ್ಟುನಿಟ್ಟು ಇತ್ತು. ಒಬ್ಬೊಬ್ಬರೇ ದೂರದರ್ಶಕಕ್ಕೆ ಕಣ್ಣು ಕೊಡಬೇಕು. ನೋಡುವಾಗ ತುಟಿ ಪಿಟಕ್ಕೆನ್ನಬಾರದು. ಮಬ್ಬು ಎಲ್ಲಿ ಕಂಡಿತು ಎಂದು ಅವರವರ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಮಡಚಿ ಕೊಡಬೇಕು. ಕೊನೆಗೆ ಟೀಚರು ಮೂರು ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ಕೆಂಪು ಬಟ್ಟೆ ಸುತ್ತಿದ ಟಾರ್ಚಿಗೆ ಹಿಡಿಯುತ್ತಿದ್ದರು. ಎರಡು ಗುರುತು ಕೂಡಿಕೊಂಡರೆ ಕಂಡಂತೆ. ಒಂದೇ ಇದ್ದರೆ ಕಾಣದಂತೆ, ಅದು ದೇವರದ್ದೇ ಗುರುತಾದರೂ ಸರಿ. ಇನ್ನೊಂದು ಮಾತು, ಕಣ್ಣು ಕೆಟ್ಟವರ ಗುರುತು ಲೆಕ್ಕಕ್ಕಿಲ್ಲ. ಹಿಂದೊಮ್ಮೆ ಟೀಚರಿಗೇ ಕಣ್ಣಿನ ಪೊರೆ ಬಂದಾಗ ಅವರು ತಮ್ಮ ಆ ಚಳಿಗಾಲದ ಗುರುತುಗಳನ್ನೆಲ್ಲ ತಾವೇ ಕಾಟು ಹೊಡೆದು, ಆಪರೇಷನ್ ಆಗುವ ತನಕ ಮೂಲೆಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಅಷ್ಟು ಖಡಕ್ಕು ಹೆಂಗಸು.

ಚಳಿ ಶುರುವಾಗುತ್ತಿದ್ದ ಒಂದು ಸಂಜೆ ಭಾವ ದೂರದರ್ಶಕದ ಮೇಲೆ ಬಗ್ಗಿದವನು ಏಳಲೇ ಇಲ್ಲ. ನೀರಿನ ಟ್ಯಾಂಕಿನ ಬಲಕ್ಕೆ, ದಿಗಂತದ ಹತ್ತಿರ ಕೊಳವೆ ತಿರುಗಿತ್ತು. ಕೊನೆಗೆ ಎದ್ದು ಏನೂ ಅನ್ನದೆ ಹಾಳೆ ತೆಗೆದುಕೊಂಡ. ಅವನು ಪೆನ್ಸಿಲ್ ಒತ್ತಿದ ರಭಸಕ್ಕೇ ಪುಟ್ಟನಿಗೆ ಗೊತ್ತಾಗಿಹೋಯಿತು. ಆಮೇಲೆ ಪುಟ್ಟ ನೋಡಿದ, ಟೀಚರು ನೋಡಿದರು. ಇಬ್ಬರಿಗೂ ಮಣ್ಣಂಗಟ್ಟಿಯೂ ಕಾಣಲಿಲ್ಲ.

ಟಾರ್ಚಿನ ಮುಂದೆ ಒಂದೇ ಗುರುತು.

"ಗೊತ್ತಿರೋ ಯಾವ ಮಬ್ಬೂ ಆ ಜಾಗದಲ್ಲಿಲ್ಲ" ಎಂದರು ಟೀಚರು, ನಕ್ಷೆಯ ಮೇಲೆ ಬೆರಳಾಡಿಸಿ. "ಹದ್ದೂ, ನಿಜವಾಗ್ಲೂ ಕಂಡ್ಯಾ?"

"ಕಂಡಿದ್ದನ್ನೇ ಹಾಕಿದೀನಿ ಟೀಚರ್. ಹಿಂಡಿದ ಹತ್ತಿ ಥರ. ಅಲ್ಲೇ ಕೂತಿದೆ."

"ನಾಳೆ ಜಾಗ ಬದಲಾಯಿಸಿದ್ರೆ ಮಾತಾಡೋಣ. ಮಬ್ಬು ನಡೆದ್ರೆ ಧೂಮಕೇತು, ನಿಂತ್ರೆ ನಿನ್ನ ಭ್ರಮೆ." ಬೈಗುಳದ ಧಾಟಿಯೇ, ಆದರೆ ಅವರ ದನಿ ನಡುಗುತ್ತಿತ್ತು. ಹೊಸ ಧೂಮಕೇತುವಿಗೆ ಮೊದಲು ಕಂಡವರ ಹೆಸರಿಡುತ್ತಾರೆ. ಈ ಮೂವರು ಬಾಯಿಬಿಟ್ಟು ಆಡದ ಆಸೆ ಅದು. ಪುಟ್ಟನಿಗಂತೂ ಭಾವನ ಹೆಸರು ಆಕಾಶದಲ್ಲಿ ಓಡಾಡುವುದನ್ನು ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತಿತ್ತು.

ಮರುದಿನ ಪುಟ್ಟ ಆ ತುಂಡು ಆಕಾಶದ್ದೇ ದೊಡ್ಡ ನಕ್ಷೆ ಪ್ರಿಂಟು ಹಾಕಿಸಿ ತಂದ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಸಣ್ಣ ಚೌಕದ ಗೆರೆಗಳು, ನಡುವೆ ನಕ್ಷತ್ರಗಳ ಚುಕ್ಕೆಗಳು. ಇನ್ನೂ ಬೆಳಕಿತ್ತು. ಟೀಚರು ತಾರಸಿಯ ಆ ಕೊನೆಯಲ್ಲಿ ದೂರದರ್ಶಕದ ಕಾಲು ಬಿಗಿಯುತ್ತಿದ್ದರು. ಭಾವ ನಕ್ಷೆಯನ್ನು ಕೈಗೆ ತೆಗೆದುಕೊಂಡು ಮುಖ ಸಿಂಡರಿಸಿದ.

"ಏನೋ ಇದು, ಗೆರೆಯೆಲ್ಲ ಸೊಟ್ಟಂಬಟ್ಟ? ನೀರು ಗೀರು ಚೆಲ್ಲಿದ್ಯಾ ಮೇಲೆ?"

"ಎಲ್ಲಿ ಭಾವ?"

"ಇಲ್ಲಿ, ನಡೂಮಧ್ಯೆ. ಹೊಟ್ಟೆ ಬಂದಂಗೆ ಉಬ್ಬಿದೆಯಲ್ಲೋ."

ಪುಟ್ಟ ಬಗ್ಗಿ ನೋಡಿದ. ಗೆರೆಗಳು ಸ್ಕೇಲು ಹಿಡಿದು ಎಳೆದಷ್ಟು ನೆಟ್ಟಗಿದ್ದವು. ಅವನು ನಕ್ಷೆ ಬಿಟ್ಟು ಭಾವನ ಕಣ್ಣನ್ನೇ ನೋಡಿದ.

ಯಾಕೆ ಎಂದು ಹೇಳಿಬಿಡುತ್ತೇನೆ. ಅವನ ಅಂಗಡಿಯ ಗೋಡೆಯಲ್ಲಿ ಇಂಥದ್ದೇ ಚೌಕುಳಿಯ ಕಾರ್ಡೊಂದು ನೇತಾಡುತ್ತಿತ್ತು, ನಡುವೆ ಒಂದು ಕಪ್ಪು ಚುಕ್ಕೆ. ವಯಸ್ಸಾದ ಗಿರಾಕಿಗಳನ್ನು ಅದರ ಮುಂದೆ ಕೂರಿಸಿ, ಗೆರೆ ನೆಟ್ಟಗಿವೆಯಾ ಎಂದು ಕೇಳುವುದು ಅವನ ರೂಢಿ. ಬಾಗಿವೆ ಎಂದವರಿಗೆ ಅವನು ಕನ್ನಡಕ ಮಾರುತ್ತಿರಲಿಲ್ಲ. ಅಂಗಡಿಯ ಶಟರ್ ಎಳೆದು, ಗುರುತು ಪರಿಚಯ ಇಲ್ಲದವರಾದರೂ ಕೈಹಿಡಿದು, ಆಗಿಂದಾಗ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಕಣ್ಣಿನ ಹಿಂದಿನ ಪರದೆಯ ನಡುಭಾಗದಲ್ಲಿ ಏನೋ ಸೋರುತ್ತಿದೆ ಎಂದು ಅದರ ಅರ್ಥ. ಬೇಗ ಹೋದರೆ ಇಂಜೆಕ್ಷನ್ ಕೊಟ್ಟು ತಡೆಯುತ್ತಾರೆ. ತಡವಾದರೆ ನಡುಭಾಗ ಹೋಯಿತೆಂದೇ ಲೆಕ್ಕ, ಅಂಚು ಮಾತ್ರ ಉಳಿಯುತ್ತದೆ. ಅಂಚಿನಲ್ಲಿ ಗೋಡೆ ಕಾಣುತ್ತದೆ, ಬಾಗಿಲು ಕಾಣುತ್ತದೆ, ಎದುರಿಗಿರುವವರ ಕಿವಿ ಕಾಣುತ್ತದೆ. ಮುಖ ಕಾಣುವುದಿಲ್ಲ.

ಆ ಕಿವಿ ನೋಡುವ ತಮಾಷೆಯೆಲ್ಲ ಪುಟ್ಟನಿಗೆ ಒಟ್ಟಿಗೇ ನೆನಪಾಯಿತು. ಓರೆನೋಟದ ಉಸ್ತಾದ ಎಂದು ತಾವೆಲ್ಲ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದು ಏನನ್ನು? ನಡುವೆ ಕಾಣದ ಮನುಷ್ಯ ಪಕ್ಕದಿಂದ ನೋಡುತ್ತಾನೆ. ಬೇರೆ ಯಾರ ಮನೆಯಲ್ಲಾದರೂ ಇದು ಕಾಯಿಲೆ ಎಂದು ಗೊತ್ತಾಗುತ್ತಿತ್ತು. ಇವರ ಗುಂಪಿನಲ್ಲಿ ಅದು ಜಾಣತನವಾಗಿತ್ತು.

ಈಗಿಂದೀಗ ಹೇಳಿಬಿಡಬೇಕು ಎನ್ನುವುದು ಅವನ ನಾಲಿಗೆಯ ತುದಿಗೆ ಬಂತು. ಬಾಯಿಂದ ಹೊರಟಿದ್ದೇ ಬೇರೆ.

"ಪ್ರಿಂಟಿನವನ ಮಷಿನ್ ಹಳೇದು ಭಾವ."

"ನೀನೊಬ್ಬ, ಯಾರು ಏನು ಕೊಟ್ರೂ ಹಲ್ಲು ಕಿರಿದು ತಗೊಂಡ್ ಬರ್ತೀಯ" ಎಂದು ಭಾವ ನಕ್ಷೆಯನ್ನು ವಾಪಸು ಕೊಟ್ಟ.

ಆ ಸಂಜೆಯೂ ಭಾವನೊಬ್ಬನಿಗೇ ಮಬ್ಬು ಕಂಡಿತು, ಮತ್ತು ಅದು ನಡೆದಿತ್ತು. ಒಂದು ದಿನದಲ್ಲಿ ಧೂಮಕೇತು ಎಷ್ಟು ಸರಿಯಬೇಕೋ ಅಷ್ಟೇ, ಎತ್ತ ಸರಿಯಬೇಕೋ ಅತ್ತಲೇ. ಟೀಚರು ಎರಡು ದಿನದ ಹಾಳೆಗಳನ್ನು ಜೋಡಿಸಿ ಹಿಡಿದು, ಅಪ್ಪಾ ಇದು ಹೊರಟಿದೆ ಕಣಪ್ಪಾ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. "ಆದ್ರೆ ನಾನು ಇದನ್ನ ಧೂಮಕೇತು ಕೇಂದ್ರಕ್ಕೆ ಕಳಿಸಲ್ಲ. ಇನ್ನೊಂದು ಕಣ್ಣು ಬೇಕು."

ಇನ್ನೊಂದು ಕಣ್ಣು. ಪುಟ್ಟ ಮನೆಗೆ ನಡೆಯುತ್ತ ತನಗೆ ತಾನೇ ಬುದ್ಧಿ ಹೇಳಿಕೊಂಡ. ಈಗ ಬಾಯಿಬಿಟ್ಟರೆ ಟೀಚರು ಭಾವನ ಎರಡೂ ಗುರುತಿಗೆ ಕಾಟು ಹೊಡೆಯುತ್ತಾರೆ. ತಮ್ಮದನ್ನೇ ಬಿಡದವರು ಇದನ್ನು ಬಿಡುತ್ತಾರೆಯೇ? ಅಷ್ಟೇ ಅಲ್ಲ, ಕೆಟ್ಟ ಕಣ್ಣು ತನ್ನೊಳಗೇ ಮಬ್ಬು ಹುಟ್ಟಿಸುತ್ತದೆ, ಭಾವ ಕಂಡದ್ದು ಆಕಾಶದ್ದೋ ಕಣ್ಣಿನದ್ದೋ ಯಾರು ಬಲ್ಲರು? ತಾನೊಮ್ಮೆ ನೋಡಿಬಿಟ್ಟರೆ ಗುರುತು ನಿಲ್ಲುತ್ತದೆ, ಹೆಸರು ನಿಲ್ಲುತ್ತದೆ. ನಾಳೆ ಒಂದು ಸಂಜೆ. ಆಮೇಲೆ ಆಸ್ಪತ್ರೆ. ಹೆಸರು ಬಂದ ಖುಷಿಯಲ್ಲಿ ಭಾವ ಮಾತೂ ಕೇಳುತ್ತಾನೆ.

ಹೀಗೆಲ್ಲ ಯೋಚಿಸುವವನಿಗೆ ಭಾವ ಬೆಳಗ್ಗೆ ಎದ್ದು ಬಸ್ಸು ಓಡಿಸುತ್ತಾನೆ ಎನ್ನುವುದು ಹೊಳೆಯಲಿಲ್ಲವೇ? ಹೊಳೆಯಿತು. ಚೆನ್ನಾಗಿಯೇ ಹೊಳೆಯಿತು. ಅವನಿಗೆ ದಾರಿ ಬಾಯಿಪಾಠ, ಒಂದು ದಿನಕ್ಕೆ ಏನಾದೀತು ಎಂದು ಅದರ ಮೇಲೆ ಚಾಪೆ ಹಾಸಿ ಮುಚ್ಚಿದ.

ಮರುದಿನ ಮೋಡ ಮುಚ್ಚಿತು. ಅದರ ಮರುದಿನವೂ. ಮೋಡ ಆ ವಾರವಿಡೀ ಕದಲಲಿಲ್ಲ, ಮುಂದಿನ ವಾರಕ್ಕೂ ಹೊರಳಿತು. ಒಂದು ಸಂಜೆಯ ಮಾತು ಹೀಗೆ ಹಿಗ್ಗುತ್ತ ಹೋಯಿತು. ಸಂಜೆ ಮೂವರೂ ತಾರಸಿಯ ಮೇಲೆ ಕಾಲರ್ ಎತ್ತಿಕೊಂಡು ನಿಂತು ಬೂದಿ ಬಣ್ಣದ ಆಕಾಶಕ್ಕೆ ಶಾಪ ಹಾಕಿ ಇಳಿಯುತ್ತಿದ್ದರು. ಬೆಳಗ್ಗೆ ಅಂಗಡಿಯ ಮುಂದೆ ಭಾವನ ಬಸ್ಸು ಹೋಗುವ ತನಕ ಪುಟ್ಟನಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾರನ್ ಕೇಳಿ, ಬಸ್ಸು ದಾಟಿ ಹೋದ ಮೇಲೆ ಉಸಿರು ಬಿಡುತ್ತಿದ್ದ.

ಒಂದು ಮಧ್ಯಾಹ್ನ ಭಾವ ಡ್ಯೂಟಿ ಮುಗಿಸಿ ಅಂಗಡಿಗೆ ಬಂದ. ಕೌಂಟರಿನ ಮೇಲಿದ್ದ ಫ್ರೇಮುಗಳ ತಟ್ಟೆಗೆ ಮೊಣಕೈ ತಾಗಿಸಿ ಬೀಳಿಸಿದ. "ದರಿದ್ರದ್ದು, ಇಲ್ಲೇ ಇಡ್ಬೇಕಾ?" ಎಂದು ತಟ್ಟೆಗೇ ಬೈದ.

"ಭಾವ, ಸುಮ್ನೆ ಕೂತಿದೀರಲ್ಲ, ಒಂದ್ಸಲ ಬೋರ್ಡ್ ಓದಿ" ಎಂದ ಪುಟ್ಟ, ಆದಷ್ಟು ಹಗುರವಾಗಿ.

"ಓಹೋ! ನಿನಗೆ ಕಾಣದ್ದು ನನಗೆ ಕಾಣತ್ತೆ, ನೀನು ನನ್ನ ಕಣ್ಣು ನೋಡ್ತೀಯೇನೋ?" ಎನ್ನುತ್ತಲೇ ಭಾವ ಕುರ್ಚಿಯಲ್ಲಿ ಕೂತ. ಗೋಡೆಯ ಅಕ್ಷರದ ಬೋರ್ಡನ್ನು ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಇರುವೆ ಸಾಲಿನ ತನಕ ಗಡಗಡ ಓದಿ ಒಪ್ಪಿಸಿದ. ಒಂದೂ ತಪ್ಪಿಲ್ಲ.

ತಪ್ಪು ಎಲ್ಲಿಂದ ಬರಬೇಕು? ಆ ಬೋರ್ಡಿಗೆ ಮೊಳೆ ಹೊಡೆದವನೇ ಭಾವ. ಅಂಗಡಿ ತೆರೆದ ದಿನದಿಂದ ಬಿಡುವಾದಾಗಲೆಲ್ಲ ಅದರ ಎದುರಿನ ಬೆಂಚಿನಲ್ಲೇ ಕೂತು ಹರಟೆ ಹೊಡೆದವನು. ಹೀಗೆ ಬಾಯಿಪಾಠ ಮಾಡಿಕೊಂಡು ಬರುವ ಗಿರಾಕಿಗಳಿಗೆಂದೇ ಬೇರೆ ಅಕ್ಷರಗಳ ಇನ್ನೊಂದು ಬೋರ್ಡು ಕೌಂಟರಿನ ಕೆಳಗಿನ ಡ್ರಾಯರಿನಲ್ಲಿತ್ತು. ಪುಟ್ಟನ ಕೈ ಡ್ರಾಯರಿನ ಹಿಡಿಯ ತನಕ ಹೋಯಿತು. ಹಿಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಆ ಕೈ ಮೇಲೆದ್ದು ಬಿದ್ದ ಫ್ರೇಮುಗಳನ್ನು ಆಯತೊಡಗಿತು.

"ಸರಿಯಾಗಿದೆ ಭಾವ."

"ಮತ್ತೆ? ಅಂದ್ಕೊಂಡ್ಯಾ?" ಭಾವ ಎದ್ದು ಬಾಗಿಲಿಗೆ ಹೋದ. ಹೊಸಿಲಲ್ಲಿ ನಿಂತು, "ಬೆಳಗ್ಗೆ ಹೊತ್ತು ಮಾತ್ರ ಈ ನಡುವೆ ರಸ್ತೇಲಿ ಮಂಜು ಜಾಸ್ತಿ ಕಣೋ. ಈ ಹಾಳು ಮೋಡದ್ದೇ ಕೆಲಸ ಇರ್ಬೇಕು" ಎಂದ.

ಇರಬೇಕು ಎಂದು ಪುಟ್ಟನೂ ಅಂದ.

ಕೊನೆಗೊಂದು ಸಂಜೆ ಪಶ್ಚಿಮ ತೊಳೆದಿಟ್ಟಂತೆ ತೆರೆಯಿತು. ಮೂವರೂ ಮೆಟ್ಟಿಲನ್ನು ಓಡಿಯೇ ಹತ್ತಿದರು. ಟೀಚರಿಗೆ ಏದುಸಿರು, ಭಾವ ಎರಡು ಕಡೆ ಮುಗ್ಗರಿಸಿದ. ಧೂಮಕೇತು ಅಷ್ಟು ದಿನದಲ್ಲಿ ಎಲ್ಲಿಗೆ ಹೋಗಿರಬೇಕೆಂದು ಟೀಚರು ಲೆಕ್ಕ ಹಾಕಿಟ್ಟಿದ್ದರು, ಆದರೆ ಹೇಳಲಿಲ್ಲ. ಕಟ್ಟುನಿಟ್ಟೆಂದರೆ ಕಟ್ಟುನಿಟ್ಟು. ಕೊಳವೆಯನ್ನು ಆ ಸುಮಾರಿಗೆ ತಿರುಗಿಸಿ ಬಿಟ್ಟರು ಅಷ್ಟೆ. ಜಾಗ ಗೊತ್ತಿದ್ದವರ ಗುರುತು ಗುರುತಲ್ಲ ಎಂದು ಅವತ್ತು ತಾವು ಕಣ್ಣು ಕೊಡಲಿಲ್ಲ.

ಭಾವ ನೋಡಿದ, ಹಾಳೆ ಮಡಚಿಕೊಟ್ಟ. ಪುಟ್ಟನ ಸರದಿ. ಅವನು ಉಸಿರು ಬಿಗಿಹಿಡಿದು ಕಣ್ಣು ಕೊಟ್ಟ. ಕಪ್ಪು, ನಾಲ್ಕಾರು ಚುಕ್ಕೆ, ಮತ್ತೆ ಕಪ್ಪು. ನೋಟವನ್ನು ಬೇಕೆಂದೇ ಪಕ್ಕಕ್ಕೆ ಸರಿಸಿದ, ಒಂದು ಮಸುಕು ನಕ್ಷತ್ರದ ಮೇಲೆ ನೆಟ್ಟ. ನೆಟ್ಟು ಕಾದ. ಆಗ ಎಡಗಡೆ, ತಾನು ನೋಡದಿದ್ದ ಜಾಗದಲ್ಲಿ, ಏನೋ ಒಂದು ಬಂದು ಕೂತಿತು. ಹಿಂಡಿದ ಹತ್ತಿ. ನೇರ ನೋಡಿದ, ಇಲ್ಲ. ಪಕ್ಕಕ್ಕೆ ನೋಡಿದ, ಇದೆ! ಅವನಿಗೆ ಅಳು ಬಂದುಬಿಟ್ಟಿತು. ಕಣ್ಣೊರೆಸಿಕೊಂಡು ಗುರುತು ಹಾಕಿ ಹಾಳೆ ಮಡಚಿಕೊಟ್ಟ.

ಟಾರ್ಚಿನ ಮುಂದೆ ಎರಡು ಗುರುತು ಒಂದರ ಮೇಲೊಂದು ಕೂತಿದ್ದವು. ಟೀಚರ ಲೆಕ್ಕದ ಜಾಗವೂ ಅದೇ.

"ಅಯ್ಯೋ ನನ್ನಪ್ಪ ಹದ್ದೇ!" ಟೀಚರು ಭಾವನ ಎರಡೂ ಕೆನ್ನೆ ಹಿಂಡಿದರು. ಅಲ್ಲೇ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ವರದಿ ಟೈಪು ಮಾಡಿ ಧೂಮಕೇತು ಕೇಂದ್ರಕ್ಕೆ ಕಳಿಸಿದರು. ಮೊದಲು ಕಂಡವನು ಎನ್ನುವಲ್ಲಿ ಭಾವನ ಹೆಸರನ್ನು ಗಟ್ಟಿಯಾಗಿ ಓದಿದರು. ಭಾವ ಹುಡುಗನ ಹಾಗೆ ತಲೆ ತಗ್ಗಿಸಿ ನಕ್ಕ. ಪುಟ್ಟ ಕೈ ಚಾಚಿದ. ಭಾವನ ಕೈ ಅವನ ಅಂಗೈ ತಪ್ಪಿ ಗಾಳಿಯಲ್ಲಿ ಹಾದುಹೋಗಿ ಮೊಣಕೈ ಹಿಡಿಯಿತು. ಇಬ್ಬರೂ ನಕ್ಕರು, ಪುಟ್ಟ ಒಂದು ಗಳಿಗೆ ತಡವಾಗಿ.

"ಇವತ್ತು ಅದು ಎಷ್ಟು ಚೆನ್ನಾಗಿ ಕಾಣ್ತು ಗೊತ್ತೇನೋ" ಎಂದ ಭಾವ ಇಳಿಯುತ್ತ, ಗೋಡೆ ಸವರಿಕೊಂಡು. "ನೀವಿಬ್ರೇ ಸರಿಯಾಗಿ ಕಾಣ್ತಿರ್ಲಿಲ್ಲ ನೋಡು."

ಪುಟ್ಟನ ಕಾಲು ಮೆಟ್ಟಿಲಿನ ಮೇಲೆ ನಿಂತಿತು. ಈಗ ಹೇಳು, ಹೇಳೋ ಈಗ. ಆದರೆ ಭಾವ ಶಿಳ್ಳೆ ಹಾಕುತ್ತಿದ್ದ, ವರ್ಷಗಳ ಮೇಲೆ. ಆ ಶಿಳ್ಳೆಗೆ ಮಣ್ಣು ಹಾಕುವ ಧೈರ್ಯ ಪುಟ್ಟನಿಗೆ ಬರಲಿಲ್ಲ. ನಾಳೆ ಎಂದುಕೊಂಡ. ನಾಳೆ ಅಂಗಡಿಯನ್ನೇ ತೆರೆಯದೆ ನೇರ ಅಕ್ಕನ ಮನೆಗೆ ಹೋಗಿ, ಡ್ಯೂಟಿಯಿಂದ ಬಂದ ಕೂಡಲೇ ಕರೆದುಕೊಂಡು ಹೋಗುವುದು.

ಅವನು ಹೋಗುವುದರೊಳಗೆ ಅಕ್ಕನೇ ಬಂದಳು. ಬೆಳಕು ಆಗಷ್ಟೇ ಬಲಿಯುತ್ತಿತ್ತು, ಪುಟ್ಟ ಅಂಗಡಿಯ ಮೇಲಿನ ಕೋಣೆಯಿಂದ ಕೆಳಗಿಳಿದು ಶಟರ್ ಪಕ್ಕದ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. ಅಕ್ಕನ ಕೈಯಲ್ಲಿ ಹಾಲಿನ ಪಾತ್ರೆ, ಹಾಲಿಲ್ಲ.

"ಪುಟ್ಟಾ, ಇವರಿಗೆ ಏನೋ ಆಗಿದೆ ಕಣೋ."

ಅವನು ಟವೆಲ್ ಹಿಡಿದು ನಿಂತ.

"ಚಹಾ ಲೋಟದ ಪಕ್ಕಕ್ಕೆ ಸುರಿದ್ರು, ಲೋಟಕ್ಕಲ್ಲ. ಏನ್ರೀ ಇದು ಅಂದ್ರೆ, ಇವತ್ತು ಮಂಜು ಮನೆಯೊಳಗೂ ಬಂದಿದೆ ಅಂತ ನಗ್ತಾರೆ. ದಿನಾ ಬೆಳಗ್ಗೆ ಮಂಜು ಮಂಜು ಅಂತಾರೆ. ನಾನು ಅದೇ ಹೊತ್ತಿಗೆ ಅದೇ ರಸ್ತೇಲಿ ಹಾಲಿಗೆ ಬರ್ತೀನಲ್ಲೋ. ಒಂದು ದಿನಾನೂ ಮಂಜು ಬಿದ್ದಿಲ್ಲ." ಅಕ್ಕ ತಿರುಗಿ ರಸ್ತೆಯತ್ತ ಕೈ ತೋರಿಸಿದಳು. "ನೋಡು. ಎಲ್ಲಿದೆ?"

ರಸ್ತೆ ಕೊನೆಯ ತನಕ ಸ್ಪಷ್ಟವಾಗಿತ್ತು. ಸೈಕಲ್ ರಿಪೇರಿಯವನ ಮುಚ್ಚಿದ ಅಂಗಡಿ, ದೀಪದ ಕಂಬ, ಆಚೆ ಮಾರುಕಟ್ಟೆಯ ತಿರುವು. ಆ ತಿರುವಿನಲ್ಲಿ ಈ ಹೊತ್ತಿಗೆ ತರಕಾರಿ ಇಳಿಸುವವರು ನಟ್ಟ ನಡುರಸ್ತೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು, ಬಸ್ಸು ಬಂದಾಗ ಸರಿದರಾಯಿತು ಎಂದು ಹಾಯಾಗಿ ಜಗಳವಾಡುತ್ತಿರುತ್ತಾರೆ. ಡ್ರೈವರನಿಗೆ ತಾವು ಕಾಣುತ್ತೇವೆ ಎನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ.

ಎಡಗಡೆಯಿಂದ ಹಾರನ್ ಕೇಳಿತು.

ಪುಟ್ಟ ಟವೆಲ್ ಬಿಸಾಕಿ ಓಡಿದ. ಹಿಂದಿನ ಸ್ಟಾಪು ಬಿಟ್ಟಾಗಿತ್ತು, ಮುಂದಿನದು ತಿರುವಿನ ಆಚೆ. ಬಸ್ಸು ನೇರ ರಸ್ತೆಯಲ್ಲಿ ಹುರುಪಿನಿಂದ ಬರುತ್ತಿತ್ತು. ಅವನು ರಸ್ತೆಯ ನಡುಮಧ್ಯೆ ನಿಂತು ಎರಡೂ ಕೈಯೆತ್ತಿ ಬೀಸಿದ.

"ಭಾವಾ! ನಿಲ್ಸಿ! ಭಾವಾ!"

ಬಸ್ಸು ನಿಧಾನವಾಗಲಿಲ್ಲ. ಎತ್ತರದ ಗಾಜಿನ ಹಿಂದೆ ಭಾವನ ಮುಖ ಕಾಣುತ್ತಿತ್ತು. ಶಾಂತವಾದ ಮುಖ, ಒಂದು ಚೂರು ನಗು ಕೂಡ, ಬಹುಶಃ ಇನ್ನೂ ಶಿಳ್ಳೆ ಹಾಕುತ್ತಿದ್ದ. ಆ ಕಣ್ಣುಗಳು ನೇರ ಪುಟ್ಟನ ಮೇಲೇ ನೆಟ್ಟಿದ್ದವು. ನನ್ನನ್ನೇ ನೋಡ್ತಿದ್ದಾರೆ, ಯಾಕೆ ನಿಲ್ಲಿಸ್ತಿಲ್ಲ? ನನ್ನನ್ನೇ ನೋಡ್ತಿದ್ದಾರಲ್ಲ!

ಅದೇ. ನೇರ ನೋಡಿದರೆ ಮಾಯ.

ಕಲಿಯಲು ಒದ್ದಾಡಿದ ಪಾಠ ಆ ಕ್ಷಣದಲ್ಲಿ ಅವನ ಕಾಲಿಗೆ ಬಂತು. ಅವನು ಪಕ್ಕಕ್ಕೆ ಹಾರಿದ, ಪೂರ್ತಿ ರಸ್ತೆ ಬಿಟ್ಟಲ್ಲ, ಬಸ್ಸಿನ ಎಡ ಅಂಚಿನ ಎದುರಿಗೆ. ಅಲ್ಲಿ ನಿಂತು ಹುಚ್ಚನ ಹಾಗೆ ಕೈ ಬೀಸಿದ. ಗಾಜಿನ ಹಿಂದಿನ ಮುಖ ಒಮ್ಮೆಲೇ ಬದಲಾಯಿತು. ಬ್ರೇಕು ಕಿರುಚಿತು. ಒಳಗೆ ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಬೈಯುವ ಸದ್ದು ಕೇಳಿತು. ಬಸ್ಸಿನ ಮೂತಿ ಪುಟ್ಟನ ಅಂಗಿಗೆ ತಾಗಿ ನಿಂತಿತು, ಬಿಸಿಯಾಗಿತ್ತು.

ಭಾವ ಇಳಿದು ಓಡಿಬಂದ. "ಲೋ! ಎಲ್ಲಿಂದ ಉದುರಿದ್ಯೋ? ಸಾಯೋಕೆ ನನ್ನ ಬಸ್ಸೇ ಬೇಕಿತ್ತಾ? ಇಷ್ಟು ಹೊತ್ತು ಖಾಲಿ ಇದ್ದ ರಸ್ತೆ..."

"ಖಾಲಿ ಇರ್ಲಿಲ್ಲ ಭಾವ. ನಾನು ನಡುವೆ ನಿಂತಿದ್ದೆ."

"ನಡುವೆ?"

"ಆಗಿಂದ ಕೈ ಬೀಸ್ತಿದ್ದೆ. ನೀವು ನನ್ನನ್ನೇ ನೋಡ್ತಿದ್ರಿ."

ಭಾವ ಹಿಂತಿರುಗಿ ತಾನು ಬಂದ ರಸ್ತೆಯನ್ನು ನೋಡಿದ, ಆಮೇಲೆ ಮುಂದೆ ಮಾರುಕಟ್ಟೆಯ ತಿರುವಿನತ್ತ, ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಹೊರಳಿಸುತ್ತ. ಅಲ್ಲಿ ಗಾಡಿಗಳ ಸುತ್ತ ಜನ ಇದ್ದರು. ಒಂದು ಬದಿ ತಲೆ ವಾಲಿಸಿದಾಗ ಇದ್ದರು. ಅವನ ಕೈ ತಾನಾಗಿ ಬಸ್ಸಿನ ಮೂತಿಯನ್ನು ಹಿಡಿದುಕೊಂಡಿತು.

"ಮಂಜಲ್ಲ ಹಾಗಾದ್ರೆ" ಎಂದ.

"ಅಲ್ಲ ಭಾವ. ಕಣ್ಣು."

ಬಸ್ಸಿನೊಳಗಿನಿಂದ ಯಾರೋ, ಏನ್ರೀ ಹೊತ್ತಾಯ್ತು ಎಂದು ಕೂಗಿದರು. ಭಾವ ಅದನ್ನು ಕೇಳಿಸಿಕೊಳ್ಳಲಿಲ್ಲ. ಸಣ್ಣ ದನಿಯಲ್ಲಿ, "ಧೂಮಕೇತು?" ಎಂದು ಕೇಳಿದ. "ಅದೂ ಸುಳ್ಳೇನೋ?"

"ನಿಜ ಭಾವ. ನಿನ್ನೆ ನಾನೂ ನೋಡಿದೆನಲ್ಲ. ಅದು ಇದೆ."

"ಹಾಗಾದ್ರೆ ಸರಿ" ಎಂದು ತಲೆಯಾಡಿಸಿದ ಭಾವ. ತಲೆಯಾಡಿಸುತ್ತಲೇ ಇದ್ದವನು ನಿಲ್ಲಿಸಿದ. ಏನೋ ಒಂದು ಅವನಿಗೆ ಹೊಳೆದಿತ್ತು. "ಆ ನಕ್ಷೆ ಗೆರೆ."

ಪುಟ್ಟ ತಲೆ ತಗ್ಗಿಸಿ, ಬಸ್ಸಿನ ಮೂತಿಯಿಂದ ಅಂಗಿಗೆ ಹತ್ತಿದ್ದ ಧೂಳು ಕೊಡವಿದ.

"ಸೊಟ್ಟ ಅಂದೆ. ಸೊಟ್ಟ ಇರ್ಲಿಲ್ಲ ಅಲ್ವಾ? ನಿನ್ನ ಅಂಗಡೀಲೂ ಅಂಥದ್ದೊಂದು ಕಾರ್ಡಿದೆ. ಎಷ್ಟು ಜನಾನ ಆಸ್ಪತ್ರೆಗೆ ಓಡ್ಸಿದೀಯ ಅದನ್ನ ತೋರಿಸಿ. ನಾನೇ ನೋಡಿದೀನಿ." ಭಾವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಪುಟ್ಟನಿಗೆ ತಡೆಯಲಾಗಲಿಲ್ಲ. "ಅವತ್ತೇ ಗೊತ್ತಾಯ್ತಾ ನಿಂಗೆ?"

ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳು ಹೇಳಿದವನಿಗೆ ಇನ್ನೊಂದು ಏನು ಭಾರ? ಆದರೆ ಅಕ್ಕ ಬಂದು ಪಕ್ಕದಲ್ಲಿ ನಿಂತಿದ್ದಳು, ಏದುಸಿರು ಬಿಡುತ್ತ, ಖಾಲಿ ಪಾತ್ರೆ ಎದೆಗೊತ್ತಿಕೊಂಡು.

"ಗೊತ್ತಾಯ್ತು ಭಾವ" ಎಂದ ಪುಟ್ಟ. "ಹೇಳಿದ್ರೆ ನಿಮ್ಮ ಗುರುತು ಹೊಡೆದುಹಾಕ್ತಾರೆ ಅಂತ. ನಿಮ್ಮ ಹೆಸರು..."

ಭಾವ ಕೈ ಚಾಚಿದ. ಈ ಸಲ ತಡಕಿ, ಭುಜ ಹಿಡಿದು, ಭುಜದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕೆನ್ನೆಗೆ ಬಂದು, ಪುಟ್ಟನ ಮುಖವನ್ನು ಅಂಗೈಯಲ್ಲಿ ಹಿಡಿದುಕೊಂಡ. ಅವನ ಕಣ್ಣು ಪುಟ್ಟನ ಕಿವಿಯ ಮೇಲಿತ್ತು.

"ನನ್ನ ಹೆಸರಿಗೋಸ್ಕರ ಅಂತಾನೆ ಕಣೇ" ಎಂದ ಹೆಂಡತಿಗೆ. "ನಿಜ ಹೇಳ್ತಿದಾನಾ? ನಂಗೆ ಇವನ ಮುಖ ಕಾಣ್ತಿಲ್ಲ. ನೀನು ನೋಡಿ ಹೇಳು, ಹೇಗಿದೆ ಮುಖ?"

ಅಕ್ಕ ರಸ್ತೆಯ ಕೊನೆಯಲ್ಲಿದ್ದ ತಳ್ಳುಗಾಡಿಗಳನ್ನು ನೋಡುತ್ತಿದ್ದಳು.

"ಗೊತ್ತಿಲ್ಲ" ಎಂದಳು. "ನಾನು ಅವನ ಮುಖ ನೋಡ್ತಾ ಇಲ್ಲ."